ಕೂಸಿಗೆ ಮಾತ್ರ ಕೇಳುವ ಮೋಟಾರು

ನಮ್ಮೂರಿನಲ್ಲಿ ಮೋಟಾರು ಕಿರುಗುಟ್ಟಿದರೆ ಸವಾರನ ನೆತ್ತಿ ಒದ್ದೆಯಾಗುತ್ತದೆ. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ಅವರಿಗೆ ಬೇಕಾದಷ್ಟು ಮೋಡಗಳಿವೆ. ನಮಗಿರುವುದು ಒಂದೇ. ಅದು ದಿನಾ ಬೆಳಿಗ್ಗೆ ಗುಡ್ಡದ ಹಿಂದಿನಿಂದ ಎದ್ದು ಬಂದು, ಊರಿನಲ್ಲಿ ಎಲ್ಲಿ ಗದ್ದಲ ಜಾಸ್ತಿಯೋ ಅಲ್ಲಿ ತಗ್ಗಿ ಕೂರುತ್ತದೆ, ಕೂತಲ್ಲಿ ಹನಿಸುತ್ತದೆ. ಹಾಗಾಗಿ ಓಣಿಗೊಂದು ಗದ್ದಲದ ದಿನವನ್ನು ಹಿರಿಯರು ಗೊತ್ತುಮಾಡಿಟ್ಟಿದ್ದಾರೆ. ಆ ದಿನ ಆ ಓಣಿಯವರು ತಾಟು ಬಡಿಯುತ್ತಾರೆ, ಮಕ್ಕಳಿಂದ ಮಗ್ಗಿ ಕೂಗಿಸುತ್ತಾರೆ, ಗಂಡ ಹೆಂಡಿರು ಅಲ್ಲಿಯವರೆಗೆ ಕೂಡಿಟ್ಟುಕೊಂಡ ಜಗಳವನ್ನೆಲ್ಲ ಅಂಗಳಕ್ಕೆ ತಂದು ಮನಸಾರೆ ಆಡುತ್ತಾರೆ. ಹಂಡೆ, ಕೊಡ, ಬಾನಿ ಎಲ್ಲ ತುಂಬುತ್ತವೆ. ಉಳಿದ ದಿನ ಬಾಯಿಗೆ ಬೀಗ. ತರಕಾರಿ ಮಾರುವವನು ಕೋಲಿನ ತುದಿಗೆ ಬದನೆಕಾಯಿ ಕಟ್ಟಿಕೊಂಡು ಸುಮ್ಮನೆ ಬಂದು ನಿಲ್ಲುತ್ತಾನೆ. ನಮ್ಮ ನಾಯಿಗಳು ಕೂಡ ಬೊಗಳುವ ಮೊದಲು ಒಮ್ಮೆ ಮೇಲೆ ನೋಡುತ್ತವೆ.

ಇಂಥ ಊರಿನಲ್ಲಿ ಪೆಟ್ರೋಲ್ ಗಾಡಿ ಇಟ್ಟುಕೊಳ್ಳುವುದು ಸಾಧ್ಯವೇ? ಒಬ್ಬಾತ ಹಟಕ್ಕೆ ಬಿದ್ದು ತಂದಿದ್ದ. ಹಬ್ಬ ಬರುವುದರೊಳಗೆ ಅದರ ಸೀಟಿನ ಮೇಲೆ ಪಾಚಿ ಬೆಳೆಯಿತು, ಕೊಟ್ಟುಬಿಟ್ಟ. ಈಗ ಎಲ್ಲರ ಮನೆಯಲ್ಲೂ ಬ್ಯಾಟರಿ ಸೈಕಲ್ಲೇ. ಅದರಲ್ಲೂ ಮೋಟಾರು ಚಕ್ರದಲ್ಲಿರುವ ಸೈಕಲ್ ನಮ್ಮ ಏರುಗಳಲ್ಲಿ ಏದುಸಿರು ಬಿಡುತ್ತದೆ. ಪೆಡಲ್ ಹತ್ತಿರ, ಗಾಡಿಯ ಹೊಟ್ಟೆಯಲ್ಲೇ ಮೋಟಾರು ಇರಬೇಕು. ಆ ಹೊಟ್ಟೆಯನ್ನು ಬಿಚ್ಚಿ ಮುಚ್ಚುವುದೇ ನನ್ನ ಕಸುಬು. ನಾನು ಹುಲಿಗೆವ್ವ. ಏರಿನ ಕೆಳತುದಿಯಲ್ಲಿ ನನ್ನ ಅಂಗಡಿ. ಮೇಲಿನ ತುದಿಯಲ್ಲಿಟ್ಟಿದ್ದರೆ ಕೆಟ್ಟ ಗಾಡಿಯನ್ನು ತಳ್ಳಿಕೊಂಡು ಯಾರು ಬರುತ್ತಿದ್ದರು?

ಆ ಬೆಳಿಗ್ಗೆ ಗಾಡಿ ಕಾಣುವ ಮೊದಲೇ ನನಗೆ ಅದರ ರೋಗ ಗೊತ್ತಾಯಿತು. ಸೊಳ್ಳೆಯೊಂದು ಡಬ್ಬಿಯಲ್ಲಿ ಸಿಕ್ಕಿಕೊಂಡಂಥ ಸದ್ದು. ಹಿಂದೆಯೇ ಓಣಿ ಮಬ್ಬಾಯಿತು. ಹಾಲು ಹಾಕುವ ಬಸಲಿಂಗ ಗಾಡಿ ಹೊಡೆಯುತ್ತಿದ್ದ, ಹಿಂದೆ ಅವನ ಹೆಂಡತಿ ಸಾವಂತ್ರಿ, ಅವಳ ಮಡಿಲಲ್ಲಿ ಕಂಬಳಿ ಸುತ್ತಿದ ಹಸುಗೂಸು, ಮೂವರ ಮೇಲೂ ಮೋಡ. ಅಂಗಡಿಯ ಮುಂದೆ ಬಂದು ಕಾಲೂರಿ ನಿಂತ, ಆದರೂ ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆತ್ತಿ ಮೋಟಾರನ್ನು ತಿರುಗಿಸುತ್ತಲೇ ಇದ್ದ.

"ಬಂದ್ ಮಾಡೋ ಮಾರಾಯಾ, ನನ್ನ ಅಂಗಡಿ ತೊಯ್ಯಾಕತ್ತೈತಿ" ಎಂದೆ.

"ಕೂಸು ಮಲಗೈತ್ರಿ ಅಕ್ಕಾರ. ಬಂದ್ ಮಾಡಿದ್ರ ಏಳತೈತಿ."

ಬಂದ್ ಮಾಡಿದ. ಕೂಸು ಎದ್ದಿತು. ಅಬ್ಬಾ, ಅದರ ಗಂಟಲೇ! ಅಂಗೈ ಅಗಲದ ಎದೆಯಲ್ಲಿ ಅಷ್ಟೊಂದು ಸದ್ದು ಎಲ್ಲಿ ಅಡಗಿರುತ್ತದೋ. ನಡುನಡುವೆ ಉಸಿರು ಗೊರಗೊರ ಎನ್ನುತ್ತಿತ್ತು. ಮೋಡ ಇನ್ನೂ ಒಂದು ಮೊಳ ಕೆಳಗಿಳಿಯಿತು.

ಸಾವಂತ್ರಿಯ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. "ಹಗಲೆಲ್ಲಾ ಹಿಂಗ ಅಳತೈತ್ರಿ" ಎಂದಳು. "ಅತ್ರ ಮ್ವಾಡ ಬರತೈತಿ. ಮ್ವಾಡ ಬಂದ್ರ ಮನಿ ತಂಪು ಹಿಡದು ಕೂಸಿನ ಎದಿ ಕಟ್ಟತೈತಿ. ಎದಿ ಕಟ್ಟಿದ್ರ ಮತ್ತ ಅಳತೈತಿ. ಎಲ್ಲಿಂದ ಬಿಡಸಬೇಕೋ ತಿಳೀವಲ್ದು. ಒಣಾ ಜಾಗಾದಾಗ ಇಡ್ರಿ ಅಂತಾರ ಡಾಕ್ಟರ್. ಎಲ್ಲಿಂದ ತರೂದ್ರಿ ಒಣಾ ಜಾಗಾ? ಗ್ವಾಡಿಗೆ ಕೈ ಹಚ್ಚಿದ್ರ ನೀರ ಬರತಾವು."

ದವಾಖಾನೆಗೆ ಗಾಡಿಯ ಮೇಲೆ ಹೋಗುವಾಗ ಮಾತ್ರ ಕೂಸು ಗಪ್ಪನೆ ಮಲಗಿತಂತೆ. ಹುಟ್ಟಿದಾಗಿನಿಂದ ಹಗಲು ಹೊತ್ತು ಅದು ಕಣ್ಣು ಮುಚ್ಚಿದ್ದನ್ನು ಅವಳು ಕಂಡಿದ್ದು ಆಗಲೇ. ಆದರೆ ಗಾಡಿಯ ಕಿರುಗಾಟಕ್ಕೆ ಮೋಡ ಬೆನ್ನು ಹತ್ತಿ, ಮಲಗಿದ ಕೂಸೂ ನೆನೆಯಿತು. ಗಾಡಿಯ ಸದ್ದು ನಿಂತುಬಿಟ್ಟರೆ ಕೂಸನ್ನು ಅದರ ಮೇಲೆಯೇ ಮಲಗಿಸಿ, ಮೋಡವನ್ನು ದೂರವಿಟ್ಟು, ಮನೆಯನ್ನೂ ಎದೆಯನ್ನೂ ಒಣಗಿಸಿಕೊಳ್ಳಬಹುದು ಎಂಬುದು ಗಂಡ ಹೆಂಡಿರ ಲೆಕ್ಕಾಚಾರ. ಅದಕ್ಕೊಂದು ಗಡುವೂ ಇತ್ತು. ಸರದಿಯಿಲ್ಲದ ದಿನಗಳಲ್ಲಿ ಮೋಡವನ್ನು ಹಿಡಿದಿಟ್ಟುಕೊಂಡ ಮನೆಯವರು ಅಮಾವಾಸ್ಯೆಯೊಳಗೆ ಸದ್ದು ನಿಲ್ಲಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಊರಾಚೆ ಕೆರೆಕಟ್ಟೆಯ ತೇವದ ಮನೆಗೆ ಹೋಗಬೇಕು. ನಮ್ಮೂರಿನ ಕಟ್ಟಳೆ ಅದು. ಕೆರೆಕಟ್ಟೆಯ ಮನೆಯಲ್ಲಿ ದಪ್ಪ ಗಂಟಲಿನ ಗಂಡಾಳುಗಳೇ ಕೆಮ್ಮು ಹತ್ತಿಸಿಕೊಂಡು ಬಂದಿದ್ದಾರೆ. ಆ ಕೂಸು ಅಲ್ಲಿ ಉಳಿಯುತ್ತಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ನಾನು ಮೋಟಾರಿನ ಮುಚ್ಚಳ ಬಿಚ್ಚಿದೆ. ಒಳಗೆ ಉಕ್ಕಿನದೊಂದು ಚಿಕ್ಕ ಗೇರು, ಅದು ಕಚ್ಚಿ ತಿರುಗಿಸುವ ನೈಲಾನಿನ ದೊಡ್ಡ ಗೇರು. ಕಂಪನಿಯವರು ಹಾಕಿ ಕಳಿಸುವ ಗ್ರೀಸು ತಿರುಗೀ ತಿರುಗೀ ಹಲ್ಲುಗಳನ್ನು ಬಿಟ್ಟು ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಬಸಲಿಂಗನ ಗಾಡಿಯಲ್ಲಿ ಅದು ಅಲ್ಲೇ ಬೆಲ್ಲದಂತೆ ಗಟ್ಟಿಯಾಗಿ ಕೂತಿತ್ತು, ಹಲ್ಲುಗಳು ಬೋಳುಬೋಳಾಗಿದ್ದವು. ಕಿರುಗುಟ್ಟದೆ ಇನ್ನೇನು ಮಾಡುತ್ತದೆ? ಹಳೆಯದನ್ನು ಕೆರೆದು ತೆಗೆದು, ಒರೆಸಿ, ನೈಲಾನನ್ನು ತಿನ್ನದ ಗ್ರೀಸನ್ನು ಬೆರಳಿನಿಂದ ಒಂದೊಂದೇ ಹಲ್ಲಿನ ಸಂದಿಗೆ ತುಂಬಿದೆ. ಮುಚ್ಚಳ ಹಾಕಲು ಹೋದರೆ ಬಸಲಿಂಗ ಕೈ ಹಿಡಿದ.

"ಇನ್ನೊಂದೀಟು ಹಾಕ್ರೆಕ್ಕಾ."

"ಸಾಕೋ."

"ಇನ್ನೊಂದೀಟರೀ. ಕೂಸಿಂದು ಐತಿ."

ಇದು ನಮ್ಮೂರಿನವರ ಚಾಳಿ. ಗ್ರೀಸನ್ನು ಅವರು ಹೋಳಿಗೆಯ ಮೇಲಿನ ತುಪ್ಪವೆಂದೇ ತಿಳಿದಿದ್ದಾರೆ, ಸಾಕು ಎಂದರೆ ಜಿಪುಣತನ ಎನ್ನುತ್ತಾರೆ. ಬೇರೆ ದಿನವಾಗಿದ್ದರೆ ಕೈ ಮೇಲೆ ಹೊಡೆದು ಕಳಿಸುತ್ತಿದ್ದೆ. ಆದರೆ ಅವನ ಹಿಂದೆ ಸಾವಂತ್ರಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು, ಅವಳ ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ನಾನು ತಲೆ ತಿರುಗಿಸಿದೆ. ಅವನು ಡಬ್ಬಿಯಿಂದ ಒಂದು ಹಿಡಿ ತೆಗೆದು ಒಳಗೆ ಮೆತ್ತಿದ.

ಮೋಟಾರು ನಿಶ್ಶಬ್ದವಾಯಿತು ನಿಜ. ಆದರೆ ಅದರೊಳಗೊಂದು ಕ್ಲಚ್ಚಿದೆ, ಮುಂದಕ್ಕೆ ತಿರುಗುವಾಗ ಹಿಡಿಯುತ್ತದೆ, ಹಿಂದಕ್ಕೆ ಬಿಡುತ್ತದೆ. ಅದಕ್ಕೆ ದಪ್ಪ ಗ್ರೀಸು ಮೆತ್ತಿಕೊಂಡರೆ ಹಿಡಿಯುವುದನ್ನೇ ಮರೆತುಬಿಡುತ್ತದೆ. ಏರಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಮೋಟಾರು ಒಳಗೊಳಗೇ ತಿರುಗಿತು, ಗಾಡಿ ನಿಂತುಬಿಟ್ಟಿತು, ಹಿಂದಕ್ಕೆ ಜಾರತೊಡಗಿತು. ಸಾವಂತ್ರಿ ಕೂಸನ್ನು ಅವಚಿಕೊಂಡು ಕೆಳಗೆ ಹಾರಿದಳು. ಕೂಸು ಚೀರಿತು. ಆ ದಿನದ ಸರದಿಯ ಗಿರಣಿ ಓಣಿಯವರು ತಾಟು ಬಡಿದು ಬಡಿದು ಕರೆಸಿಕೊಂಡಿದ್ದ ಮೋಡ ಅವರನ್ನು ಬಿಟ್ಟು ಇಲ್ಲಿಗೆ ಓಡಿಬಂತು. ಗಂಡ ಹೆಂಡಿರು ಗಾಡಿ ತಳ್ಳಿಕೊಂಡು ಮತ್ತೆ ನನ್ನ ಅಂಗಡಿಗೇ ಇಳಿದುಬಂದಾಗ ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು.

"ಕೊಡು ಇಲ್ಲಿ" ಎಂದು ಗಾಡಿ ಕಿತ್ತುಕೊಂಡೆ. "ಇನ್ನ ನೀ ಡಬ್ಬಿ ಮುಟ್ಟಿದ್ರ ಬೆರಳ ಮುರೀತೀನಿ ನೋಡು."

ಈ ಸಲ ಕ್ಲಚ್ಚನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ, ಅದಕ್ಕೆ ತೆಳ್ಳನೆಯ ಎಣ್ಣೆಯ ಹನಿಯಷ್ಟೇ. ಗೇರಿಗೆ ಹಲ್ಲು ಮುಚ್ಚುವಷ್ಟು ಗ್ರೀಸು, ಹೆಚ್ಚಿಲ್ಲ. ಮುಚ್ಚಳದ ಅಂಚಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹಳೆಯದಾಗಿತ್ತು, ಹೊಸದು ಹಾಕಿದೆ. ಸ್ಕ್ರೂಗಳನ್ನು ಎದುರುಬದುರು ಒಂದೊಂದೇ ಬಿಗಿ ಮಾಡಿದೆ. ಗಾಡಿ ಓಡಿಸಿದರೆ ಟೈರಿನ ಕೆಳಗಿನ ಮರಳು ಮಾತ್ರ ಕೇಳಿಸುತ್ತಿತ್ತು. ಅಷ್ಟು ನುಣ್ಣನೆಯ ಕೆಲಸವನ್ನು ನಾನು ಮಾಡಿ ಬಹಳ ಕಾಲವಾಗಿತ್ತು. ಜಂಬವೇ ಬಂತು ಎನ್ನಿ.

ಸಾವಂತ್ರಿ ಕೂಸನ್ನೆತ್ತಿಕೊಂಡು ಕೂತಳು. ಅತ್ತು ಅತ್ತು ಸೋತಿದ್ದ ಕೂಸು ಬಿಕ್ಕುತ್ತಿತ್ತು. ಬಸಲಿಂಗ ಅಂಗಡಿಯ ಮುಂದೆ ಮೆಲ್ಲಗೆ ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ. ಕೂಸು ಕಣ್ಣರಳಿಸಿ ಆಚೀಚೆ ನೋಡಿತು, ಏನನ್ನೋ ಹುಡುಕುವಂತೆ. ಆಮೇಲೆ ಬಾಯಿ ತೆರೆದು, ಮೊದಲಿಗಿಂತ ಜೋರಾಗಿ ಕಿರುಚಿತು.

ಆಗ ನಮಗೆ ಮೂವರಿಗೂ ಹೊಳೆಯಿತು. ಕೂಸನ್ನು ಮಲಗಿಸುತ್ತಿದ್ದದ್ದು ಗಾಡಿಯ ಓಟವಲ್ಲ. ನಾನು ಕಷ್ಟಪಟ್ಟು ಅಡಗಿಸಿದ ಆ ಸದ್ದೇ.

ಅದೇ ಹೊತ್ತಿಗೆ ಚೆನ್ನಬಸವ್ವ ಬಂದಳು. ಸಾವಂತ್ರಿಯ ಎದುರುಮನೆಯವಳು, ಆ ಓಣಿಗೆಲ್ಲ ಹಿರಿಯಳು, ಅಮಾವಾಸ್ಯೆಯ ಗಡುವು ಹೇಳಿದವಳೂ ಅವಳೇ. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವ ಕೆಲಸದಲ್ಲಿ ಅವಳ ಕೂದಲು ಬೆಳ್ಳಗಾಗಿದೆ. ಕೈಯಲ್ಲೊಂದು ಮೊರ, ಮೊರದ ತುಂಬ ಮುದ್ದೆಯಾದ ಶಾವಿಗೆ. ಅದನ್ನು ನನ್ನ ಬೆಂಚಿನ ಮೇಲೆ ಕುಕ್ಕಿದಳು.

"ನೋಡು ಹುಲಿಗೆವ್ವಾ, ಹೊಸೆದ ಹಾಕಿದ್ದೆ. ಎಳಿ ಎಳಿ ಎಣಸಬಹುದಿತ್ತು. ಈಗ ದನಕ್ಕ ಹಾಕೂ ಹಂಗ ಆಗೈತಿ. ನಾ ಏನ ಕಲ್ಲಿನಾಕೀ ಏನು? ಕೂಸಿನ ಮ್ಯಾಲೆ ನನಗೂ ಜೀವ ಐತಿ. ಆದ್ರ ಈ ಓಣ್ಯಾಗ ನನ್ನಂಗ ಒಣಗಿಸಿ ತಿನ್ನಾವ್ರು ಎಷ್ಟ ಮನಿ ಅದಾವು, ಹೇಳು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಸಾವಂತ್ರಿ ಗಾಡಿಯಿಂದಿಳಿದು, ಅಂಗಡಿಯ ಕಟ್ಟೆಯ ಮೇಲೆ ಕೂತು, ಕೂಸಿನ ಜೊತೆ ತಾನೂ ಅಳತೊಡಗಿದಳು. "ನನ್ನ ಕೈಲೆ ಆಗೂದಿಲ್ರಿ" ಎಂದಳು. "ಕೆರಿ ಕಟ್ಟಿಗೇ ಹೋಗತೀನಿ. ಎಲ್ಲಾರಿಗೂ ತ್ರಾಸ ಕೊಟ್ಟು ಇರೂದು ನನಗೂ ಸಾಕಾಗೈತಿ." ದೊಡ್ಡವರು ಸದ್ದು ಮಾಡಿ ಅಳುವುದನ್ನು ಸರದಿಯ ದಿನ ಬಿಟ್ಟರೆ ನಮ್ಮೂರಿನಲ್ಲಿ ನೋಡುವುದಿಲ್ಲ. ಇಂಥದ್ದನ್ನು ಕಂಡಾಗ ನಾನು ಮಾಡುವುದು ಒಂದೇ, ಕೈಯಲ್ಲಿ ಏನಾದರೂ ಹಿಡಿದುಕೊಳ್ಳುತ್ತೇನೆ. ಸ್ಕ್ರೂಡ್ರೈವರ್ ಸಿಕ್ಕಿತು.

ಸದ್ದಿಲ್ಲದ ಮೋಟಾರು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮಂಥವರು ಮಾಡುವ ಉಪಾಯವೊಂದಿದೆ. ಚಕ್ರ ಎತ್ತಿ ಮೋಟಾರು ತಿರುಗಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಬೇಕು. ಹೊರಗೆ ಬಾರದ ಸದ್ದು ಕಬ್ಬಿಣದಲ್ಲಿ ಹತ್ತಿಕೊಂಡು ಬಂದು ನೇರ ತಲೆಯೊಳಗೆ ಕೇಳುತ್ತದೆ. ನಾನು ಹಾಗೇ ಮಾಡಿದೆ, ಮಾಡುವುದು ರೂಢಿ ಅಂತ ಮಾಡಿದೆ. ಊಂ... ಎಂದು ಗುನುಗುತ್ತಿತ್ತು. ಕಿರುಗಾಟ ಹೋಗಿ ಹದವಾಗಿತ್ತು, ಆದರೆ ಅದೇ ಸದ್ದು.

"ಸಾವಂತ್ರಿ, ಬಾ ಇಲ್ಲಿ. ಕಿವಿ ಕೊಡು."

ಅವಳು ಮೂಗು ಒರೆಸಿಕೊಳ್ಳುತ್ತ ಬಂದಳು. ಹಿಡಿಕೆಯನ್ನು ಅವಳ ಕಿವಿಗೆ ಹಿಡಿದೆ. ಅವಳು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದರೀ! ಇದನ್ನ ಕೇಳಿ ಮಲಗತಿತ್ರಿ!"

"ಮೋಡಕ್ಕ ಕೇಳಾಂಗಿಲ್ಲ, ನಿನಗ ಕೇಳಾಕತ್ತೈತಿ" ಎಂದೆ. "ಕೂಸಿಗೂ ಹಿಂಗ ಕೇಳಿಸಬೇಕು, ಅಷ್ಟ."

ಕೂಸಿನ ಎಳೆಯ ತಲೆಗೆ ಸ್ಕ್ರೂಡ್ರೈವರ್ ಹಿಡಿಯಲಾಗುತ್ತದೆಯೇ? ಬಸಲಿಂಗನ ಗಾಡಿಯಲ್ಲಿ ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ಹಾಲಿನ ಕ್ಯಾನು ಇಡಲು ಒಂದು ಕಂಬಿಯ ತಟ್ಟೆಯಿತ್ತು. ಅಲ್ಲಿ ಬುಟ್ಟಿಯಿಟ್ಟು ಕೂಸನ್ನು ಮಲಗಿಸಬಹುದು. ಮೋಟಾರಿನಿಂದ ಬುಟ್ಟಿಯ ತಳದವರೆಗೆ ಸದ್ದನ್ನು ಹೊತ್ತೊಯ್ಯುವುದಕ್ಕೆ ಏನಾದರೂ ಬೇಕು. ಕಬ್ಬಿಣದ ಪಟ್ಟಿ ಕಟ್ಟಿ ನೋಡಿದೆ, ಸ್ಕ್ರೂಡ್ರೈವರ್ ಇಟ್ಟು ಕೇಳಿದರೆ ಗಿರಗಿರ ಎಂದಿತು. ಬಿದಿರು ಕಟ್ಟಿದೆ, ಪೊಳ್ಳು ಬಿದಿರು ಸದ್ದನ್ನು ದೊಡ್ಡದು ಮಾಡಿ ಊರಿಗೆಲ್ಲ ಸಾರಿತು, ಮೋಡ ಅಂಗಡಿಯ ಹೆಂಚು ಮುಟ್ಟಿತು. ಹೊಸ ಹಲಗೆಯಲ್ಲಿ ಏನೂ ಬರಲಿಲ್ಲ, ಸದ್ದನ್ನು ಅದೇ ನುಂಗಿಕೊಂಡಿತು.

ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಚೆನ್ನಬಸವ್ವ ಮುಂದೆ ಬಂದಳು. "ನನಗೂ ಒಂದೀಟು ಕೇಳಸು, ಏನೈತಿ ಅದರಾಗ" ಎಂದಳು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಸರದಿಯಿಲ್ಲದ ದಿನ ಒಂದು ಸದ್ದನ್ನು ಯಾರ ಹೆದರಿಕೆಯೂ ಇಲ್ಲದೆ ಕೇಳುವುದು ಅವಳಿಗೆ ಅದೇ ಮೊದಲಿರಬೇಕು. ಆಮೇಲೆ ಸರಸರ ಹೊರಟುಹೋದಳು. ಮೊರವನ್ನೂ ಬಿಟ್ಟುಹೋದಳು. ಸಿಟ್ಟು ಮಾಡಿಕೊಂಡಳು ಎಂದೇ ನಾವು ತಿಳಿದೆವು.

ತಿರುಗಿ ಬಂದಾಗ ಅವಳ ಹೆಗಲ ಮೇಲೆ ಒಂದು ಶಾವಿಗೆ ಮಣೆಯಿತ್ತು. ಅವಳ ಅತ್ತೆಯ ಕಾಲದ್ದು, ಉದ್ದಕ್ಕೆ ಬಿರುಕು ಬಿಟ್ಟಿದ್ದರಿಂದ ಗೋಡೆಗೆ ತೂಗುಹಾಕಿಟ್ಟಿದ್ದಳು. ತಲೆಮಾರುಗಳ ಹೆಂಗಸರು ಕಣಕವನ್ನು ಹೊಸೆದೂ ಹೊಸೆದೂ ಆ ಮರ ಎಣ್ಣೆ ಕುಡಿದು, ಒಣಗಿ, ಗಂಟೆಯಷ್ಟು ಗಟ್ಟಿಯಾಗಿತ್ತು. ಬೆರಳ ಗಿಣ್ಣಿನಿಂದ ತಟ್ಟಿದರೆ ಆಚೆ ತುದಿಯಲ್ಲಿಟ್ಟ ಅಂಗೈಗೆ ತಿಳಿಯುತ್ತಿತ್ತು.

"ಸೀಳು" ಎಂದಳು.

"ಚೆನ್ನಬಸವ್ವಾರ, ಇದು ನಿಮ್ಮ ಅತ್ತೀದು..."

"ನಮ್ಮತ್ತಿ ಇದ್ದಿದ್ರ ಇಷ್ಟೊತ್ತಿಗೆ ತಾನ ಸೀಳತಿದ್ಲು. ಗರಗಸ ತಗೊ."

ಬಿರುಕಿನಗುಂಟ ಸೀಳಿದೆ. ಒಂದು ತುದಿಗೆ ತೂತು ಕೊರೆದು ಮೋಟಾರನ್ನು ಹಿಡಿದಿಡುವ ಬೋಲ್ಟಿಗೇ ಕಟ್ಟಿದೆ, ಇನ್ನೊಂದು ತುದಿಯನ್ನು ಕ್ಯಾನಿನ ತಟ್ಟೆಯ ಮೇಲೆ ಒರಗಿಸಿ ಬಿಗಿದೆ. ಅದರ ಮೇಲೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ತೆಳ್ಳನೆಯ ಕೌದಿ. ಬುಟ್ಟಿ ಅಲುಗದಂತೆ ನಾಲ್ಕೂ ಕಡೆ ಪಟ್ಟಿ. ಸಾವಂತ್ರಿ ಕೂಸನ್ನು ಅದರಲ್ಲಿ ಮಲಗಿಸಿದಳು. ಅದು ಕೈಕಾಲು ಬಡಿಯುತ್ತಿತ್ತು. ನಾನು ಮೋಟಾರನ್ನು ಮೆಲ್ಲಗೆ ತಿರುಗಿಸಿದೆ.

ನಮಗೆ ಯಾರಿಗೂ ಅದರ ಸದ್ದು ಕೇಳಲಿಲ್ಲ. ಕೂಸಿನ ಅಳು ಮಾತ್ರ ನಡುವೆ ತುಂಡಾಯಿತು. ಹುಬ್ಬು ಗಂಟಿಕ್ಕಿತು. ತಲೆಯನ್ನು ಒಂದು ಕಡೆಗೆ ವಾಲಿಸಿ ಕೆನ್ನೆಯನ್ನು ಕೌದಿಗೆ ಒತ್ತಿತು. ಗಾಳಿಯಲ್ಲಿದ್ದ ಕೈ ನಿಧಾನಕ್ಕೆ ಇಳಿಯಿತು. ಬಸಲಿಂಗ ಉಸಿರು ಬಿಡುವುದಕ್ಕೂ ಹೆದರಿ ನಿಂತಿದ್ದ. ಕೂಸು ಮಲಗಿತು.

"ನಾ ಹೊಡೀತೀನಿ" ಎಂದು ಸಾವಂತ್ರಿ ಗಂಡನಿಂದ ಹ್ಯಾಂಡಲ್ ತೆಗೆದುಕೊಂಡಳು. ಅವನು ಬುಟ್ಟಿಗೆ ಕೈ ಆಸರೆ ಕೊಟ್ಟು ಪಕ್ಕದಲ್ಲಿ ನಡೆದ. ಕ್ಲಚ್ಚು ಹಿಡಿಯಿತು, ಗಾಡಿ ಏರು ಹತ್ತಿತು. ಅವರ ತಲೆಯ ಮೇಲೆ ಮೋಡ ಸ್ವಲ್ಪ ದೂರ ಹಿಂಬಾಲಿಸಿತು, ಕೆಳಗೆ ಏನೂ ಇಲ್ಲವೆಂದು ತಿಳಿದು ನಿಂತಿತು. ಗಿರಣಿ ಓಣಿಯಲ್ಲಿ ಯಾರೋ ಗಂಡನಿಗೆ ಬೈಯುವುದು ಕೇಳಿ ಆ ಕಡೆ ಹೊರಟುಹೋಯಿತು. ಸಾವಂತ್ರಿಯ ಬೆನ್ನ ಮೇಲೆ ಬಿಸಿಲು ಬಿದ್ದದ್ದನ್ನು ನಾವಿಬ್ಬರು ಕೆಳಗೆ ನಿಂತು ನೋಡಿದೆವು. ನನಗೆ ಕಣ್ಣು ತುಂಬಿತು. ಚೆನ್ನಬಸವ್ವನಿಗೂ ತುಂಬಿತ್ತು, ಆದರೆ ಅವಳು ಮೊರದಲ್ಲಿ ಏನೋ ಹುಡುಕುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಬಸಲಿಂಗ ಹಾಲು ಹಾಕಿ ಬಂದೊಡನೆ ಗಾಡಿ ತೊಟ್ಟಿಲಾಗುತ್ತಿತ್ತು. ಅಂಗಳದಲ್ಲಿ ಚಕ್ರ ಎತ್ತಿ ನಿಲ್ಲಿಸಿ, ಮೋಟಾರನ್ನು ಸಣ್ಣಗೆ ತಿರುಗಲು ಬಿಟ್ಟು, ಸಾವಂತ್ರಿ ಮನೆಗೆಲಸ ಮಾಡಿಕೊಳ್ಳುತ್ತಿದ್ದಳು. ಗೋಡೆಗಳು ಒಣಗಿದವು. ಹಾಸಿಗೆಗಳು ಬಿಸಿಲು ಕಂಡವು. ಕೂಸಿನ ಎದೆಯ ಗೊರಗೊರ ದಿನದಿಂದ ದಿನಕ್ಕೆ ತಿಳಿಯಾಯಿತು. ಚೆನ್ನಬಸವ್ವ ತನ್ನ ಮಾಳಿಗೆ ಸಾಲದೆಂದು ಸಾವಂತ್ರಿಯ ಮಾಳಿಗೆಯ ಮೇಲೂ ಶಾವಿಗೆ ಹಾಕತೊಡಗಿದಳು. ನಾನು ಆಗಾಗ ಹೋಗಿ ಮುಚ್ಚಳ ತೆಗೆದು ಗ್ರೀಸು ನೋಡಿ ಬರುತ್ತಿದ್ದೆ. ಬಸಲಿಂಗ ಡಬ್ಬಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಓಣಿಯವರೆಲ್ಲ ಸಾವಂತ್ರಿಯ ಅಂಗಳದಲ್ಲಿ ಸೇರಿದರು. ಕಟ್ಟಳೆ ಅಂದ ಮೇಲೆ ಗಡುವಿನ ದಿನ ಬಂದು ಮನೆ ನೋಡಬೇಕು. ಗೋಡೆ ಮುಟ್ಟಿದರು, ಒಣಗಿತ್ತು. ಮೇಲೆ ನೋಡಿದರು, ಆಕಾಶ ಬರಿದಾಗಿತ್ತು. ಗಾಡಿ ನಿಂತಿತ್ತು, ಮೋಟಾರು ಬಂದಾಗಿತ್ತು, ಕೂಸು ನಿದ್ದೆ ಮುಗಿಸಿ ಬುಟ್ಟಿಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಚೆನ್ನಬಸವ್ವ ಕೈಯಲ್ಲಿದ್ದ ಹಸಿ ಶಾವಿಗೆಯ ಎಳೆಯೊಂದನ್ನು ಅದರ ಮೂಗಿನ ಮೇಲೆ ಸುಮ್ಮನೆ ಆಡಿಸಿದಳು. ಎಳೆ ಮೂಗಿಗೆ ತಾಗಿತು.

ಕೂಸು ನಕ್ಕಿತು. ಸಣ್ಣಗಲ್ಲ, ಅಳುತ್ತಿದ್ದ ಅದೇ ಗಂಟಲಿನಿಂದ, ಹೊಟ್ಟೆ ಕುಣಿಯುವ ಹಾಗೆ, ಕೇಕೆ ಹಾಕಿ ನಕ್ಕಿತು. ಅದು ನಕ್ಕದ್ದನ್ನು ಅಲ್ಲಿಯವರೆಗೆ ಅದರ ತಾಯಿಯೂ ಕೇಳಿರಲಿಲ್ಲ. ಸಾವಂತ್ರಿ ಬಾಯಿಗೆ ಸೆರಗು ಹಿಡಿದುಕೊಂಡಳು. ಓಣಿಯೆಲ್ಲ ಒಮ್ಮೆಗೇ ಮೇಲೆ ನೋಡಿತು. ಆ ದಿನ ಗದ್ದಲದ ಸರದಿಯಿದ್ದ ಕುಂಬಾರ ಓಣಿಯವರು ಊಟಕ್ಕೆ ಕೂತಿದ್ದರೆಂದು ಕಾಣುತ್ತದೆ, ಅಲ್ಲಿದ್ದ ಮೋಡ ತಲೆಯೆತ್ತಿ ಇತ್ತ ತಿರುಗಿತು.

"ಚೆನ್ನಬಸವ್ವಾರ, ಮ್ವಾಡ ಬರಾಕತ್ತೈತ್ರಿ! ಶಾವಿಗಿ!" ಎಂದು ಬಸಲಿಂಗ ಗಾಬರಿಯಿಂದ ಮಾಳಿಗೆಯ ಮೆಟ್ಟಿಲಿಗೆ ಓಡಿದ.

ಚೆನ್ನಬಸವ್ವ ಕದಲಲಿಲ್ಲ. ಎಳೆಯನ್ನು ಇನ್ನೊಮ್ಮೆ ಕೂಸಿನ ಮೂಗಿಗೆ ತಾಗಿಸಿದಳು, ಕೂಸು ಇನ್ನೂ ಜೋರಾಗಿ ನಕ್ಕಿತು.

"ಬರಲಿ ಬಿಡೋ" ಎಂದಳು. "ಅತ್ತಾಗ ಅಷ್ಟ ಸಲ ಬಂದೈತಿ. ನಕ್ಕಾಗೂ ಒಮ್ಮಿ ಬಂದು ನೋಡಿ ಹೋಗಲಿ."

ಯಾರೂ ಒಳಗೆ ಓಡಲಿಲ್ಲ. ಸಾವಂತ್ರಿ ಬುಟ್ಟಿಯ ಮೇಲೆ ತನ್ನ ಸೆರಗು ಹರಡಿದಳು, ನಾವೆಲ್ಲ ಸುತ್ತ ನಿಂತು ತೊಯ್ಯಿಸಿಕೊಂಡೆವು.